ಗೇಟಿನ ಅಶೋಕ, ಹಳ್ಳದ ಅಶೋಕ

ಯಾವ ಊರಿನ ಕಲ್ಯಾಣ ಮಂಟಪಕ್ಕಾದರೂ ಹೋಗಿ, ಗೇಟಿನಿಂದ ಬಾಗಿಲವರೆಗೆ ಎರಡೂ ಬದಿಗೆ ಒಂದು ಮರ ಸಾಲುಗಟ್ಟಿ ನಿಂತಿರುತ್ತದೆ. ನೆಟ್ಟಗೆ, ಸಪೂರವಾಗಿ, ಕೊಂಬೆಗಳನ್ನೆಲ್ಲ ಕೆಳಕ್ಕೆ ಇಳಿಬಿಟ್ಟುಕೊಂಡು, ಅಂಚು ನಿರಿಗೆ ನಿರಿಗೆಯಾದ ಉದ್ದನೆಯ ಎಲೆಗಳನ್ನು ಮೈತುಂಬ ಹೊದ್ದುಕೊಂಡು. ಶಾಲೆಯ ಕಾಂಪೌಂಡಿನಲ್ಲೂ ಅದೇ, ಆಸ್ಪತ್ರೆಯ ಆವರಣದಲ್ಲೂ ಅದೇ, ಪೊಲೀಸ್ ಕ್ವಾರ್ಟರ್ಸಿನಲ್ಲೂ ಹೊಸ ಬಡಾವಣೆಯ ಪಾರ್ಕಿನಲ್ಲೂ ಅದೇ. ಹೆಸರು ಕೇಳಿದರೆ ಚಿಕ್ಕ ಮಕ್ಕಳೂ ಹೇಳುತ್ತವೆ, ಅಶೋಕ ಮರ. ವೇದಿಕೆಗೆ ತೋರಣ ಕಟ್ಟುವುದಕ್ಕೆ, ಚಪ್ಪರದ ಕಂಬಕ್ಕೆ ಸುತ್ತುವುದಕ್ಕೆ, ಹೂಗುಚ್ಛದ ಹಿಂದೆ ಹಸಿರು ಸಿಕ್ಕಿಸುವುದಕ್ಕೆ ಇದರ ಎಲೆ ಬೇಕೇ ಬೇಕು.

ಇನ್ನೊಂದು ಅಶೋಕ ಇದೆ. ಅದನ್ನು ಅದರ ಸ್ವಂತ ಮನೆಯಲ್ಲೇ ನೋಡಬೇಕೆಂದರೆ ಘಟ್ಟದ ಕಡೆ ಹೋಗಬೇಕು. ಉತ್ತರ ಕನ್ನಡದಲ್ಲೋ ದಕ್ಷಿಣ ಕನ್ನಡದಲ್ಲೋ ಕೊಡಗಿನ ಪಡುವಣ ಇಳಿಜಾರಿನಲ್ಲೋ ವರ್ಷವಿಡೀ ತಂಪಿರುವ ಒಂದು ಹಳ್ಳ ಹುಡುಕಬೇಕು. ಹಳ್ಳದ ದಂಡೆಯಲ್ಲಿ, ದೊಡ್ಡ ಮರಗಳ ನೆರಳಲ್ಲಿ, ಅಷ್ಟೇನೂ ಎತ್ತರವಲ್ಲದ, ದಟ್ಟ ಹಸಿರಿನ, ತಲೆ ದುಂಡಗಿರುವ ಮರವೊಂದು ನಿಂತಿದ್ದರೆ, ಬೇಸಿಗೆ ಹತ್ತಿರವಾಗುವ ದಿನಗಳಲ್ಲಿ ಅದರ ಕೊಂಬೆಗೇ ಅಂಟಿಕೊಂಡು ಕೇಸರಿ ಬಣ್ಣದ ಗೊಂಚಲುಗಳು ಅರಳಿದ್ದರೆ, ಅದು ಅಶೋಕ. ಹಳಗನ್ನಡದ ಕವಿಗಳು ಅಸುಗೆ ಎಂದು ಕರೆದದ್ದು ಇದನ್ನೇ. ಬೇರೆಯದರಿಂದ ಬಿಡಿಸಿ ಹೇಳಬೇಕಾದಾಗ ಜನ ಇದನ್ನು ಸೀತಾ ಅಶೋಕ ಎನ್ನುತ್ತಾರೆ.

ಗೇಟಿನ ಬಳಿಯದು ಬೇರೆ, ಹಳ್ಳದ ಬಳಿಯದು ಬೇರೆ ಎಂಬ ಸಂಗತಿ ಗಿಡಮರಗಳ ಮೇಲೆ ಸ್ವಲ್ಪ ಆಸೆಯಿರುವವರಿಗೆಲ್ಲ ಗೊತ್ತು. ಗೊತ್ತಿದ್ದೂ ಅದರಿಂದ ಆಗಿರುವ ನಷ್ಟವನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ ಎಂಬುದೇ ನನ್ನ ಕೊರಗು. ಬೀದಿ ಬೀದಿಯಲ್ಲೂ ಅಶೋಕ ಕಾಣುತ್ತಿರುವಾಗ ಅಶೋಕಕ್ಕೆ ಬರ ಬಂದಿದೆ ಎಂದರೆ ಯಾರು ನಂಬುತ್ತಾರೆ? ಹುಲಿ ಕಡಿಮೆಯಾದರೆ ಗೊತ್ತಾಗುತ್ತದೆ, ಏಕೆಂದರೆ ಹುಲಿಯ ಹೆಸರು ಹೊತ್ತ ಇನ್ನೊಂದು ಪ್ರಾಣಿ ನಮ್ಮ ಅಂಗಳದಲ್ಲಿ ಓಡಾಡುವುದಿಲ್ಲ. ಅಶೋಕದ ವಿಷಯದಲ್ಲಿ ಹಾಗಾಗಲಿಲ್ಲ. ಒಂದು ಮರ ಕಾಡಿನಲ್ಲಿ ಕರಗುತ್ತಿದ್ದ ದಿನಗಳಲ್ಲೇ ಅದರ ಹೆಸರಿನ ಇನ್ನೊಂದು ಮರ ಊರು ತುಂಬುತ್ತಿತ್ತು.

ಎರಡಕ್ಕೂ ಏನು ಸಂಬಂಧ ಎಂದು ಕೇಳಿದರೆ ಸಸ್ಯಶಾಸ್ತ್ರದ ಉತ್ತರ, ಏನೂ ಇಲ್ಲ. ಹಳ್ಳದ ಅಶೋಕ, ಶಾಸ್ತ್ರದ ಹೆಸರಲ್ಲಿ ಸರಾಕ ಅಸೋಕ, ಅವರೆ ತೊಗರಿಗಳ ದೊಡ್ಡ ಕುಟುಂಬವಾದ ಫ್ಯಾಬೇಸಿಗೆ ಸೇರಿದ್ದು. ಆ ಕುಟುಂಬದೊಳಗಿನ ಪಂಗಡಗಳಲ್ಲಿ ಇದು ಇರುವುದು ಹುಣಸೆಯ ಪಂಗಡದಲ್ಲಿ. ಹೌದು, ನಮ್ಮ ಸಾರಿನ ಹುಣಸೆಯೇ. ಎರಡರ ಕಾಯಿಯನ್ನೂ ಪಕ್ಕಪಕ್ಕ ಇಟ್ಟರೆ ನೆಂಟಸ್ತಿಕೆ ಒಪ್ಪಲು ಮನಸ್ಸಾಗುವುದಿಲ್ಲ, ಹುಣಸೆಯದು ತಿರುಳು ತುಂಬಿದ ಕಾಯಿ, ಅಶೋಕದ್ದು ಚಪ್ಪಟೆಯಾದ, ಚರ್ಮದಂಥ ಸಿಪ್ಪೆಯ ಗೇಣುದ್ದದ ಕಾಯಿ. ಆದರೂ ಬಳ್ಳಿ ಒಂದೇ. ಗೇಟಿನ ಅಶೋಕ ಸೀತಾಫಲ ರಾಮಫಲಗಳ ಕುಟುಂಬವಾದ ಅನೋನೇಸಿಯದು. ಬಹುಕಾಲ ಪಾಲಿಯಾಲ್ತಿಯ ಲಾಂಗಿಫೋಲಿಯ ಎಂದು ಕರೆಸಿಕೊಂಡಿತು. 2012ರಲ್ಲಿ ಆ ಕುಲವನ್ನು ಸಂಶೋಧಕರು ಮತ್ತೆ ವಿಂಗಡಿಸಿ ಇದನ್ನು ಮೊನೂನ್ ಎಂಬ ಕುಲಕ್ಕೆ ದಾಟಿಸಿದರು, ಈಗ ಮೊನೂನ್ ಲಾಂಗಿಫೋಲಿಯಂ. ಸೀತಾಫಲದ ಕುಟುಂಬ, ಸಂಪಿಗೆ ಮತ್ತು ಜಾಯಿಕಾಯಿಯ ಕುಟುಂಬಗಳು ಒಂದೇ ಗಣದವು. ಹೂಬಿಡುವ ಸಸ್ಯಗಳಲ್ಲಿ ಇದು ತೀರಾ ಹಳೆಯ ಕವಲು. ಈ ಕವಲೂ ಹುಣಸೆ ಅಶೋಕಗಳಿರುವ ಕವಲೂ ಬೇರ್ಪಟ್ಟದ್ದು ಹತ್ತು ಕೋಟಿ ವರ್ಷಗಳಿಗೂ ಹಿಂದೆ. ನಮ್ಮ ಬೀದಿಯ ಅಶೋಕಕ್ಕೆ ಕಾಳಿದಾಸನ ಅಶೋಕಕ್ಕಿಂತ ಮುಡಿಯ ಸಂಪಿಗೆಯೇ ಹತ್ತಿರದ ಬಂಧು.

ಎಲೆ ನೋಡಿದರೂ ಸಾಕು. ಗೇಟಿನ ಅಶೋಕದ್ದು ಒಂಟಿ ಎಲೆ. ಹಳ್ಳದ ಅಶೋಕದ್ದು ಸಂಯುಕ್ತ ಎಲೆ, ಒಂದು ಕಡ್ಡಿಗೆ ನಾಲ್ಕೈದು ಜೊತೆ ಎಲೆಗಳು ಎದುರುಬದುರು ಜೋಡಿಸಿಕೊಂಡಿರುತ್ತವೆ. ಇದರ ಚಿಗುರು ಬರುವ ರೀತಿಯೇ ವಿಶೇಷ. ಎಳೆಯ ಎಲೆಗಳು ತಾಮ್ರದ ಬಣ್ಣದಲ್ಲಿ, ಬಲವೇ ಇಲ್ಲದೆ, ಹಿಂಡಿ ಒಣಹಾಕಿದ ಪಂಚೆಯ ಹಾಗೆ ನೇತಾಡುತ್ತವೆ. ನೋಡಿದವರು ಗಿಡ ಬಾಡಿತೇನೋ ಎಂದು ನೀರು ಹಾಕಲು ಓಡುತ್ತಾರೆ. ದಿನ ಕಳೆದಂತೆ ಹಸಿರೇರಿ ಗಟ್ಟಿಯಾಗಿ ತಾನೇ ತಲೆ ಎತ್ತುತ್ತದೆ.

ಹೂವಿಗೆ ಬರೋಣ. ಇಲ್ಲಿ ನಿಧಾನವಾಗಿ ನಿಂತು ನೋಡುವುದು ಬಹಳ ಇದೆ. ಅಶೋಕದ ಹೂವಿಗೆ ದಳವೇ ಇಲ್ಲ. ದಳವೆಂದು ನಾವು ತಿಳಿಯುವ ನಾಲ್ಕು ಎಸಳುಗಳು ನಿಜದಲ್ಲಿ ಪುಷ್ಪಪತ್ರಗಳು, ಬೇರೆ ಹೂಗಳಲ್ಲಿ ಹಸಿರಾಗಿ ಮೊಗ್ಗಿನ ಹೊರಗೆ ಕಾವಲಿರುವ ಭಾಗ. ಅಶೋಕದಲ್ಲಿ ಅವೇ ಬಣ್ಣ ತಳೆದು ದಳದ ಕೆಲಸ ಮಾಡುತ್ತವೆ. ಅವುಗಳ ಕೆಳಗೆ ಉದ್ದನೆಯ ಒಂದು ನಳಿಕೆ, ಅದರ ಬಾಯಲ್ಲಿ ಮಕರಂದ. ನಡುವಿನಿಂದ ಏಳೆಂಟು ಕೇಸರಗಳು ಹೊರಕ್ಕೆ ಉದ್ದಕ್ಕೆ ಚಾಚಿಕೊಂಡಿರುತ್ತವೆ. ಇಡೀ ಗೊಂಚಲಿಗೆ ಆ ನವಿರು ಬಂದಿರುವುದು ಈ ಕೇಸರಗಳಿಂದಲೇ. ಅರಳಿದ ದಿನ ಹೂವು ಹಳದಿ, ಆಮೇಲೆ ಕಿತ್ತಳೆ, ಹಳತಾದಾಗ ಕೆಂಪು. ಒಂದೇ ಗೊಂಚಲಲ್ಲಿ ಮೂರೂ ಪ್ರಾಯದ ಹೂಗಳು ಇರುವುದರಿಂದ ಮರ ದೂರಕ್ಕೆ ಉರಿಯುತ್ತಿರುವಂತೆ ಕಾಣುತ್ತದೆ. ಪರಿಮಳ ಹಿತವಾದದ್ದು, ರಾತ್ರಿ ಹೊತ್ತು ಹೆಚ್ಚು. ಎಳೆಯ ರೆಂಬೆಗಳ ತುದಿಯಲ್ಲಷ್ಟೇ ಅಲ್ಲ, ಬಲಿತ ಕೊಂಬೆಯ ತೊಗಟೆಯನ್ನು ಸೀಳಿಕೊಂಡೂ ಹೂ ಬರುತ್ತದೆ. ಹಲಸು ಕಾಂಡದಲ್ಲೇ ಕಾಯಿ ಬಿಡುವುದನ್ನು ಕಂಡ ನಮಗೆ ಇದು ಅಪರಿಚಿತವಲ್ಲ, ಆದರೂ ಒರಟು ಕೊಂಬೆಯ ಮೇಲೆ ಅಷ್ಟು ನಯವಾದ ಹೂ ಕೂತಿರುವುದನ್ನು ಕಂಡಾಗ ಪ್ರತಿಸಲವೂ ಬೆರಗಾಗುತ್ತದೆ.

ಈ ಬೆರಗು ನಮ್ಮ ದೇಶದಲ್ಲಿ ಹಳೆಯದು. ಮನ್ಮಥನ ಐದು ಬಾಣಗಳಲ್ಲಿ ತಾವರೆ, ಮಾವು, ನವಮಲ್ಲಿಗೆ, ನೀಲೋತ್ಪಲಗಳ ಜೊತೆ ಅಶೋಕವೂ ಒಂದು. ಚೆಲುವೆಯೊಬ್ಬಳು ಗೆಜ್ಜೆ ಕಟ್ಟಿದ ಪಾದದಿಂದ ಒದ್ದರೆ ಅಶೋಕ ಹೂ ಬಿಡುತ್ತದೆ ಎಂಬ ಕವಿಸಮಯ ಎಲ್ಲರಿಗೂ ಗೊತ್ತು. ಕಾಳಿದಾಸ ‘ಮಾಲವಿಕಾಗ್ನಿಮಿತ್ರ’ದಲ್ಲಿ ಈ ನಂಬಿಕೆಯನ್ನು ಕಥೆಯ ನಡುಗಂಬವಾಗಿಯೇ ನಿಲ್ಲಿಸಿದ್ದಾನೆ. ಅರಮನೆಯ ತೋಟದಲ್ಲಿ ಒಂದು ಅಶೋಕ ಹೂ ಬಿಡದೆ ನಿಂತಿದೆ. ಒದೆಯಬೇಕಾದ ರಾಣಿ ಧಾರಿಣಿ ಉಯ್ಯಾಲೆಯಿಂದ ಬಿದ್ದು ಕಾಲಿಗೆ ನೋವು ಮಾಡಿಕೊಂಡಿದ್ದಾಳೆ. ತನ್ನ ಬದಲಿಗೆ ಮಾಲವಿಕೆಯನ್ನು ಕಳಿಸುತ್ತಾಳೆ, ಐದು ರಾತ್ರಿಯೊಳಗೆ ಹೂ ಬಂದರೆ ಕೇಳಿದ್ದನ್ನು ಕೊಡುವೆನೆಂದು ಮಾತು ಕೊಟ್ಟು. ಹೂ ಬರುತ್ತದೆ, ಮಾಲವಿಕೆಯ ಬದುಕೂ ಅರಳುತ್ತದೆ. ಈ ನಾಟಕವನ್ನು ಓದುತ್ತ ಇಂದಿನ ಓದುಗ ಕಲ್ಯಾಣ ಮಂಟಪದ ಗೇಟಿನ ಮರವನ್ನು ಮನಸ್ಸಿಗೆ ತಂದುಕೊಂಡರೆ ಆ ಅಂಕವೆಲ್ಲ ವ್ಯರ್ಥವಾಗುತ್ತದೆ. ಎಷ್ಟು ಜನರಿಗೆ ಹಾಗೆ ವ್ಯರ್ಥವಾಗಿದೆಯೋ! ಕಾವ್ಯ ಕಲಿಸುವ ಮೇಷ್ಟ್ರು ಆ ಪಾಠದ ದಿನ ಒಂದು ಗೊಂಚಲು ಅಶೋಕವನ್ನು ತರಗತಿಗೆ ತಂದು ತೋರಿಸಿದರೆ ಅದಕ್ಕಿಂತ ದೊಡ್ಡ ಟೀಕೆ ಬೇಕಾಗಿಲ್ಲ.

ಜೈನರಲ್ಲಿ ತೀರ್ಥಂಕರರ ಎಂಟು ಮಹಾಪ್ರಾತಿಹಾರ್ಯಗಳಲ್ಲಿ ಅಶೋಕ ವೃಕ್ಷ ಒಂದು. ಜಿನನು ಕುಳಿತ ಸಮವಸರಣದಲ್ಲಿ ಅದು ತಲೆಯ ಮೇಲೆ ನೆರಳಾಗಿ ನಿಲ್ಲಬೇಕು. ಚೈತ್ರ ಶುದ್ಧ ಅಷ್ಟಮಿಯನ್ನು ಪಂಚಾಂಗದಲ್ಲಿ ಅಶೋಕಾಷ್ಟಮಿ ಎಂದು ಗುರುತಿಸಿರುತ್ತಾರೆ. ಆ ದಿನ ಅಶೋಕದ ಎಂಟು ಮೊಗ್ಗು ನುಂಗಬೇಕೆಂಬ ವಿಧಿಯಿದೆ. ಮರ ಹೂವಾಗಿರುವ ಕಾಲಕ್ಕೇ ಆ ದಿನ ಬೀಳುತ್ತದೆ ಎಂಬುದನ್ನು ಗಮನಿಸಿ. ಹಬ್ಬ ಕಟ್ಟಿದವರಿಗೆ ಮರದ ಋತುಮಾನ ಗೊತ್ತಿತ್ತು.

ರಾಮಾಯಣದ ಅಶೋಕವನದ ಮಾತು ಬಾರದೆ ಈ ಹರಟೆ ಮುಗಿಯದು. ಸೀತೆ ಅಶೋಕದ ಕೆಳಗೆ ಕುಳಿತಳು ಎಂದೇ ನಾವೆಲ್ಲ ಕೇಳುತ್ತ ಬೆಳೆದದ್ದು, ಸೀತಾ ಅಶೋಕ ಎಂಬ ಹೆಸರು ಬಂದದ್ದೂ ಆ ನೆನಪಿನಿಂದ. ವಾಲ್ಮೀಕಿಯ ಸುಂದರಕಾಂಡದಲ್ಲಿ ಹನುಮಂತ ಅಡಗಿ ಕೂರುವ, ಸೀತೆಗೆ ಆಸರೆಯಾದ ಮರ ಮಾತ್ರ ಶಿಂಶುಪಾ. ಅದನ್ನು ಬೀಟೆಯ ಬಳಗದ ಶೀಶಮ್ ಎಂದು ವಿದ್ವಾಂಸರು ಗುರುತಿಸುತ್ತಾರೆ. ಸುತ್ತ ಅಶೋಕಗಳು ಹೂವಾಗಿವೆ, ನಡುವೆ ಒಂದು ಶಿಂಶುಪಾ. ಶೋಕವಿಲ್ಲ ಎಂಬ ಹೆಸರಿನ ಮರಗಳ ನಡುವೆ ಶೋಕಿಸುತ್ತಿರುವ ಹೆಣ್ಣನ್ನು ಕೂರಿಸಿದ ಕವಿ, ಅವಳ ನೆತ್ತಿಯ ಮೇಲೆ ಬೇರೆಯ ಮರವನ್ನೇ ಬೆಳೆಸಿದ. ಆದಿಕವಿಯ ಕಣ್ಣು ಮರದಿಂದ ಮರವನ್ನು ಬೇರ್ಪಡಿಸಿ ನೋಡುತ್ತಿತ್ತು.

ಇನ್ನು ಚಕ್ರವರ್ತಿ ಅಶೋಕ. ಕರ್ನಾಟಕದವರಾದ ನಮಗೆ ಅವನು ದೂರದವನಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದಲೇ ದೇವಾನಾಂಪ್ರಿಯ ಎಂಬ ಬಿರುದಿನ ಹಿಂದಿರುವ ದೊರೆ ಅಶೋಕನೇ ಎಂಬುದು ಖಚಿತವಾದದ್ದು. ಕಲಬುರಗಿ ಜಿಲ್ಲೆಯ ಕನಗನಹಳ್ಳಿಯ ಶಿಲ್ಪವೊಂದರಲ್ಲಿ ಅವನ ಚಿತ್ರದ ಪಕ್ಕದಲ್ಲೇ ಬ್ರಾಹ್ಮಿಯಲ್ಲಿ ‘ರಾಯ ಅಸೋಕ’ ಎಂದು ಬರೆದಿದೆ. ಬೌದ್ಧರ ‘ಅಶೋಕಾವದಾನ’ ಈ ದೊರೆಯ ಬಗ್ಗೆ ಒಂದು ಭೀಕರ ಕಥೆ ಹೇಳುತ್ತದೆ. ಅವನ ಮೈ ಒರಟು. ಅಂತಃಪುರದ ಹೆಂಗಸರಿಗೆ ಅವನೆಂದರೆ ಬೇಸರ. ತನ್ನ ಹೆಸರಿನ ಮರ ಹೂ ಬಿಟ್ಟಿದೆಯೆಂದು ಅವನು ಹಿಗ್ಗುತ್ತಿದ್ದರೆ, ಅವನು ಮಲಗಿದ್ದಾಗ ಅವರು ಆ ಮರದ ಹೂವನ್ನೂ ಕೊಂಬೆಯನ್ನೂ ಮುರಿದು ಹಾಕಿದರು. ಎದ್ದ ದೊರೆ ಆ ಹೆಂಗಸರನ್ನು ಸುಡಿಸಿದನಂತೆ. ಅವನು ಧರ್ಮಾಶೋಕನಾಗುವುದಕ್ಕೆ ಮೊದಲಿನ ಚಂಡಾಶೋಕನ ಕಥೆ ಇದು, ದಂತಕಥೆಯೇ ಇರಬಹುದು. ಮುಂದೆ ಇದೇ ದೊರೆ ದಾರಿಬದಿಯಲ್ಲಿ ನೆರಳಿಗೆ ಮರ ನೆಡಿಸಿದ್ದನ್ನೂ, ಮನುಷ್ಯರಿಗೂ ದನಕರುಗಳಿಗೂ ಬೇಕಾದ ಔಷಧದ ಗಿಡಗಳನ್ನು ಇಲ್ಲದ ಕಡೆ ತರಿಸಿ ನೆಡಿಸಿದ್ದನ್ನೂ ಕಲ್ಲಿನಲ್ಲಿ ಬರೆಸಿದ. ಅದು ದಂತಕಥೆಯಲ್ಲ. ಔಷಧದ ಗಿಡ ಇಲ್ಲದ ಕಡೆ ನೆಡಬೇಕು ಎಂಬ ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗಿದೆ.

ಯುರೋಪಿನವರು ಈ ಮರವನ್ನು ಪುಸ್ತಕಕ್ಕೆ ಇಳಿಸಿದ ಕಥೆಯೂ ಸೊಗಸಾಗಿದೆ. ಮಲಬಾರಿನ ಡಚ್ ಗವರ್ನರ್ ಆಗಿದ್ದ ವಾನ್ ರೀಡ್ ಬರೆಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಬಂತು. ವೈದ್ಯ ಇಟ್ಟಿ ಅಚ್ಯುದನ್ ಮತ್ತು ಕೊಂಕಣಿ ಪಂಡಿತರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರು ಅದಕ್ಕೆ ತಿಳಿವಳಿಕೆ ಒದಗಿಸಿದವರು. ಅದರಲ್ಲಿ ಅಶೋಕವೂ ಚಿತ್ರಸಹಿತ ಇದೆ. ಒಂದು ಶತಮಾನ ಕಳೆದ ಮೇಲೆ, ಕಲ್ಕತ್ತೆಯ ಸಸ್ಯತೋಟ ನೋಡಿಕೊಳ್ಳುತ್ತಿದ್ದ ರಾಕ್ಸ್‌ಬರ್ಗ್ ಇದಕ್ಕೆ ಜೋನೇಸಿಯ ಅಸೋಕ ಎಂದು ಹೆಸರಿಟ್ಟ. ಏಷ್ಯಾಟಿಕ್ ಸೊಸೈಟಿ ಕಟ್ಟಿದ, ಸಂಸ್ಕೃತವನ್ನು ಒಲಿಸಿಕೊಂಡ, ಈ ಹೂವನ್ನು ಮನಸಾರೆ ಮೆಚ್ಚಿದ್ದ ವಿಲಿಯಂ ಜೋನ್ಸನ ನೆನಪಿಗೆ ಆ ಹೆಸರು. ಜೋನ್ಸ್ ತೀರಿಕೊಂಡದ್ದು 1794ರಲ್ಲಿ, ಹೆಸರು ಅಚ್ಚಾದದ್ದು ಮರುವರ್ಷ. ಆದರೆ ಲಿನೇಯಸ್ 1767ರಲ್ಲೇ ಜಾವಾದ ಇದರ ಸೋದರ ಮರಕ್ಕೆ ಸರಾಕ ಎಂಬ ಹೆಸರು ಕೊಟ್ಟಿದ್ದ. ಮೊದಲು ಬಂದ ಹೆಸರೇ ನಿಲ್ಲಬೇಕು ಎಂಬ ನಿಯಮದಂತೆ ಜೋನ್ಸ್ ಸರಿದು ಸರಾಕ ಉಳಿಯಿತು. ಬಹಳ ಕಾಲ ನಮ್ಮ ಅಶೋಕವನ್ನು ಆ ಜಾವಾದ ಮರವೆಂದೇ ಎಣಿಸಿ ಸರಾಕ ಇಂಡಿಕ ಎನ್ನುತ್ತಿದ್ದರು. 1960ರ ದಶಕದಲ್ಲಿ ಲೈಡನ್ನಿನ ಸಸ್ಯಶಾಸ್ತ್ರಜ್ಞರು ಎರಡನ್ನೂ ಬೇರ್ಪಡಿಸಿದರು. ಹಳೆಯ ಆಯುರ್ವೇದ ಪುಸ್ತಕಗಳಲ್ಲಿ, ಕೆಲವು ಔಷಧದ ಬಾಟಲಿಗಳ ಮೇಲೆ ಇನ್ನೂ ಸರಾಕ ಇಂಡಿಕ ಎಂದಿದ್ದರೆ ಕಾರಣ ಇದು.

ಬಾಟಲಿಯ ಮಾತು ಬಂತು. ನಮ್ಮ ಕಡೆ ಮನೆಮನೆಯ ಗೂಡಿನಲ್ಲಿ ಅಶೋಕಾರಿಷ್ಟದ ಕಂದು ಬಾಟಲಿ ಇರುತ್ತಿತ್ತು. ಮುಟ್ಟಿನ ರಕ್ತಸ್ರಾವ ಹೆಚ್ಚಾದಾಗ, ಹೊಟ್ಟೆನೋವು ಬಂದಾಗ ವೈದ್ಯರು ಹೇಳುತ್ತಿದ್ದದ್ದು ಇದನ್ನೇ. ಅಜ್ಜಿ, ಅತ್ತೆ, ಚಿಕ್ಕಮ್ಮ ಎಲ್ಲರಿಗೂ ಇದರ ರುಚಿ ಗೊತ್ತು. ಅಶೋಕದ ತೊಗಟೆಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂ ಮತ್ತಿತರ ಮದ್ದು ಸೇರಿಸಿ ಹುಳಿಬರಿಸಿ ಮಾಡುವ ಔಷಧ ಅದು. ಹೆಂಗಸರ ನೋವಿಗೆ ಹೆಸರೇ ಇಲ್ಲದಿದ್ದ ಕಾಲದಲ್ಲಿ ಅವರ ಪಾಲಿಗೆ ಇದ್ದ ಮರ. ಇಂದೂ ದೇಶದಲ್ಲಿ ಆಯುರ್ವೇದ ಕಂಪನಿಗಳಿಗೆ ಬೇಕಾಗುವ ಅಶೋಕದ ತೊಗಟೆ ಸಾವಿರಾರು ಟನ್.

ಅಷ್ಟು ತೊಗಟೆ ಎಲ್ಲಿಂದ ಬರಬೇಕು? ಇದೇ ಪ್ರಶ್ನೆಯಲ್ಲಿ ಎರಡು ಮರಗಳ ಕಥೆ ಒಂದಾಗುತ್ತದೆ. ಅಶೋಕವನ್ನು ತೊಗಟೆಗಾಗಿ ಬೆಳೆಸುವವರು ಕಡಿಮೆ. ಹೆಚ್ಚಿನದು ಕಾಡಿನಿಂದಲೇ ಬರಬೇಕು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಕಾಂಡದ ಒಂದೇ ಬದಿಯಿಂದ ಉದ್ದುದ್ದ ಪಟ್ಟಿಯಾಗಿ ತೆಗೆದರೆ ಮಿಕ್ಕ ಬದಿಯಲ್ಲಿ ಆಹಾರ ಇಳಿಯುತ್ತಿರುತ್ತದೆ, ಗಾಯ ಮುಚ್ಚಿ ತೊಗಟೆ ಮತ್ತೆ ಕೂಡುತ್ತದೆ. ಅವಸರಕ್ಕೆ ಸುತ್ತಲೂ ಸುಲಿದರೆ ಬೇರು ಉಪವಾಸ ಬೀಳುತ್ತದೆ, ಮರ ನಿಂತಲ್ಲೇ ಒಣಗುತ್ತದೆ. ಸುಲಿಯುವವನನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ಸಿಗುವುದು ತೂಕದ ಲೆಕ್ಕದ ಕೂಲಿ. ನಿಧಾನವಾಗಿ, ಮರ ಉಳಿಯುವ ಹಾಗೆ ಸುಲಿದದ್ದಕ್ಕೆ ಯಾರೂ ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲ. ಆ ಒಂದು ರೂಪಾಯಿಯನ್ನು ಕೊಡಬೇಕಾದವರು ತೊಗಟೆ ಕೊಳ್ಳುವವರು ಮತ್ತು ಬಾಟಲಿ ಕೊಳ್ಳುವ ನಾವು.

ಕಾಡಿನಲ್ಲಿ ಮರ ಕಡಿಮೆಯಾದಂತೆ ಪೇಟೆಯ ಮೂಟೆಗೆ ಬೇರೆ ತೊಗಟೆ ಸೇರತೊಡಗಿತು. ಅದರಲ್ಲಿ ಮುಖ್ಯವಾದದ್ದು ಗೇಟಿನ ಅಶೋಕದ್ದು. ಹೆಸರು ಹೇಗೂ ಅಶೋಕವೇ, ಮರ ಬೇಕಾದಷ್ಟಿದೆ, ಒಣಗಿಸಿ ಚೂರು ಮಾಡಿದ ಮೇಲೆ ಬರಿಗಣ್ಣಿಗೆ ಗುರುತು ಹತ್ತುವುದಿಲ್ಲ. ಬೆಂಗಳೂರಿನ ಸಂಶೋಧಕರೂ ಇದ್ದ ತಂಡವೊಂದು ದೇಶದ ಹಲವು ಮಾರುಕಟ್ಟೆಗಳಿಂದ ಅಶೋಕದ ತೊಗಟೆಯೆಂದು ಮಾರುತ್ತಿದ್ದ ಮಾದರಿಗಳನ್ನು ತಂದು ಡಿಎನ್‌ಎ ಪರೀಕ್ಷೆ ಮಾಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿತು. ಶೇಕಡ 80ಕ್ಕೂ ಹೆಚ್ಚು ಮಾದರಿಗಳು ಅಶೋಕವೇ ಆಗಿರಲಿಲ್ಲ. ಓದಿ ನನಗೆ ಮೊದಲು ಬಂದದ್ದು ಸಿಟ್ಟು, ಆಮೇಲೆ ಆ ಬಾಟಲಿಯನ್ನು ನಂಬಿ ಚಮಚ ಚಮಚವಾಗಿ ಕುಡಿದ ಹೆಂಗಸರ ನೆನಪು. ಸೀತಾಫಲದ ಕುಟುಂಬದ ತೊಗಟೆಯಲ್ಲಿರುವ ಸತ್ವಗಳೇ ಬೇರೆ, ಹುಣಸೆಯ ಪಂಗಡದ ತೊಗಟೆಯಲ್ಲಿರುವ ಸತ್ವಗಳೇ ಬೇರೆ. ಒಂದರ ಬದಲಿಗೆ ಇನ್ನೊಂದು ಆಗುವುದಿಲ್ಲ.

ಬೆರಕೆಯಿಂದ ಹಳ್ಳದ ಅಶೋಕ ಬದುಕಿಕೊಂಡಿತಲ್ಲ ಎಂದು ಯಾರಾದರೂ ಸಮಾಧಾನ ಪಡಬಹುದು. ಹಾಗಾಗಿಲ್ಲ. ಅಸಲಿಗೆ ಬೇಡಿಕೆ ಹಾಗೇ ಇದೆ, ಸಿಕ್ಕಲ್ಲಿ ಸುಲಿಯುವುದೂ ಹಾಗೇ ಇದೆ. ಬೆರಕೆಯಿಂದ ಆದದ್ದಿಷ್ಟೇ, ಕೊರತೆ ಪೇಟೆಯಲ್ಲಿ ಕಾಣಿಸಲಿಲ್ಲ. ಕಾಣಿಸಿದ್ದರೆ ಬೆಲೆ ಏರುತ್ತಿತ್ತು, ಬೆಲೆ ಏರಿದ್ದರೆ ಯಾವುದಾದರೂ ರೈತ ನೆಡುತ್ತಿದ್ದ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ, ಅಂದರೆ ಐಯುಸಿಎನ್, 1998ರಲ್ಲೇ ಅಶೋಕವನ್ನು ತನ್ನ ಕೆಂಪು ಪಟ್ಟಿಯಲ್ಲಿ ‘ವಲ್ನರಬಲ್’ ವರ್ಗಕ್ಕೆ ಸೇರಿಸಿತು. ಈಗಿರುವ ಕಾರಣಗಳು ಹೀಗೇ ಮುಂದುವರಿದರೆ ಅಳಿವಿನ ದಾರಿ ಹಿಡಿಯುವಂಥ ಜೀವಿ ಎಂದು ಅದರ ಅರ್ಥ. ಒಡಿಶಾಕ್ಕೆ ಇದು ರಾಜ್ಯದ ಹೂವು, ಉತ್ತರ ಪ್ರದೇಶಕ್ಕೆ ರಾಜ್ಯದ ಮರ. ಗೌರವಕ್ಕೇನೂ ಕಡಿಮೆಯಿಲ್ಲ.

ತೊಗಟೆಯೊಂದೇ ಕಾರಣವೂ ಅಲ್ಲ. ಅಶೋಕದ ಜಾಗವೇ ಇಕ್ಕಟ್ಟು. ಘಟ್ಟದ ಉದ್ದಕ್ಕೂ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದೊಳಗಿನ ನಿತ್ಯಹರಿದ್ವರ್ಣ ಕಾಡು, ಪೂರ್ವದಲ್ಲಿ ಒಡಿಶಾ, ಮೇಘಾಲಯ, ಅಲ್ಲಿಂದಾಚೆ ಬಾಂಗ್ಲಾದೇಶ, ಮ್ಯಾನ್ಮಾರ್, ಇತ್ತ ಶ್ರೀಲಂಕಾ. ನಕ್ಷೆಯಲ್ಲಿ ವಿಶಾಲವಾಗಿ ಕಾಣುತ್ತದೆ. ನೆಲದ ಮೇಲೆ ನೋಡಿದರೆ ಎಲ್ಲೆಲ್ಲೂ ಅದಕ್ಕೆ ಬೇಕಾದ್ದು ಹಳ್ಳದ ದಂಡೆಯ ಒಂದು ಕಿರುಪಟ್ಟಿ ಮಾತ್ರ. ಹಳ್ಳಕ್ಕೆ ಒಡ್ಡು ಬಿದ್ದರೆ, ದಂಡೆಗೆ ರಸ್ತೆ ಬಂದರೆ, ಮೇಲಿನ ನೆರಳಿನ ಮರ ಹೋದರೆ ಆ ಪಟ್ಟಿ ಹರಿಯಿತು. ಇದರ ಬೀಜ ತೇವ ಕಳೆದುಕೊಂಡರೆ ಬೇಗ ಜೀವ ಕಳೆದುಕೊಳ್ಳುತ್ತದೆ. ರಾಗಿಯ ಹಾಗೆ ವರ್ಷಗಟ್ಟಲೆ ಕಾಪಿಟ್ಟು ಬೇಕಾದಾಗ ಬಿತ್ತುವಂತಿಲ್ಲ. ಬಿದ್ದ ಮಳೆಗಾಲದಲ್ಲೇ, ಬಿದ್ದ ನೆಲದ ಹತ್ತಿರವೇ ಮೊಳೆಯಬೇಕು.

ಗೇಟಿನ ಅಶೋಕಕ್ಕೆ ಈ ಯಾವ ಸಂಕಟವೂ ಇಲ್ಲ. ಅದರ ಹುಟ್ಟೂರು ದಕ್ಷಿಣ ಭಾರತದ ಒಣ ಹವೆಯ ಕಾಡು ಮತ್ತು ಶ್ರೀಲಂಕಾ. ಬಿಸಿಲು ತಾಳುತ್ತದೆ, ಗಟ್ಟಿ ನೆಲ ತಾಳುತ್ತದೆ, ಪೇಟೆಯ ಹೊಗೆ ಧೂಳನ್ನೂ ತಾಳುತ್ತದೆ. ನಾವು ಸಾಲುಸಾಲಾಗಿ ನೆಡುವುದು ಕೊಂಬೆ ಜೋತುಬೀಳುವ ತೋಟದ ತಳಿ. ಅದರ ಮೂಲರೂಪ ಹಾಗಿಲ್ಲ, ಕೊಂಬೆ ಚಾಚಿ ತಲೆ ಹರಡಿ ಒಳ್ಳೆಯ ನೆರಳು ಕೊಡುವ ಮರ ಅದು. ನೆಟ್ಟಗಿನ ಹಗುರ ಕಾಂಡ ಹಾಯಿಹಡಗಿನ ಕಂಬಕ್ಕೆ ಬಳಕೆಯಾಗುತ್ತಿತ್ತು ಎಂಬ ಮಾತಿದೆ, ಇಂಗ್ಲಿಷಿನವರು ಕೊಟ್ಟ ಹೆಸರೂ ಅದೇ, ಮಾಸ್ಟ್ ಟ್ರೀ.

ಈ ಮರವನ್ನು ನಕಲಿ ಅಶೋಕ ಎಂದು ಹೀಗಳೆಯುವವರನ್ನು ಕಂಡರೆ ನನಗೆ ಬೇಸರ. ಯಾವ ಮರವೂ ನಕಲಿಯಲ್ಲ. ಇನ್ನೊಂದರ ಹೆಸರು ಹೊತ್ತದ್ದು ಇದರ ತಪ್ಪಲ್ಲ, ಹೊರಿಸಿದವರು ನಾವು. ಮಾರ್ಚ್ ಏಪ್ರಿಲ್‌ನಲ್ಲಿ ಒಮ್ಮೆ ಅದರ ಕೊಂಬೆಯನ್ನು ಕೈಯಲ್ಲಿ ಎತ್ತಿ ನೋಡಿ. ಎಲೆಗಳ ಮರೆಯಲ್ಲಿ ತಿಳಿಹಸಿರು ಹೂಗಳು ಗೊಂಚಲಾಗಿರುತ್ತವೆ, ಒಂದೊಂದಕ್ಕೂ ಅಲೆ ಅಲೆಯಾದ ಆರು ಸಪೂರ ದಳ. ಎಲೆಯದೇ ಬಣ್ಣವಾದ್ದರಿಂದ ಇಷ್ಟು ವರ್ಷ ಅದರ ಕೆಳಗೇ ಓಡಾಡಿದವರೂ ಗಮನಿಸಿರುವುದಿಲ್ಲ. ಆಮೇಲೆ ಕಾಯಿ ಗೊಂಚಲು, ಹಣ್ಣಾದಾಗ ಕಪ್ಪು. ಕೋಗಿಲೆ ಹಗಲಲ್ಲಿ, ಬಾವಲಿ ರಾತ್ರಿಯಲ್ಲಿ ಅದಕ್ಕೆ ಬರುತ್ತವೆ. ಕಪ್ಪು ರೆಕ್ಕೆಯ ಮೇಲೆ ಹಸಿರು ಚುಕ್ಕೆಯಿಟ್ಟುಕೊಂಡು ಒಂದು ಕ್ಷಣವೂ ನಿಲ್ಲದೆ ಹಾರುವ ಚಿಟ್ಟೆಯನ್ನು ನೀವು ಊರೊಳಗೇ ಕಂಡಿರುತ್ತೀರಿ, ಟೈಲ್ಡ್ ಜೇ ಎಂದು ಅದರ ಹೆಸರು. ಅದು ಮೊಟ್ಟೆಯಿಡುವುದು, ಅದರ ಹುಳು ಮೇಯುವುದು ಈ ಮರದ ಎಲೆಯ ಮೇಲೆ. ನಗರಗಳಲ್ಲಿ ಆ ಚಿಟ್ಟೆ ಉಳಿದಿರುವುದಕ್ಕೆ ಕಲ್ಯಾಣ ಮಂಟಪದ ಗೇಟುಗಳ ಪಾಲೂ ಇದೆ. ಕಂಬದ ಮರ ಎಂಬ ಹೆಸರು ಅದಕ್ಕೆ ಕನ್ನಡದಲ್ಲಿ ಇದೆ, ಹಾಗೆ ಕರೆದರೆ ಅದಕ್ಕೂ ನ್ಯಾಯ, ಹಳ್ಳದ ಅಶೋಕಕ್ಕೂ ನ್ಯಾಯ.

ನರ್ಸರಿಗೆ ಹೋಗಿ ಅಶೋಕ ಕೇಳಿದರೆ ನಡೆಯುವ ಮಾತುಕತೆ ಹೀಗಿರುತ್ತದೆ.

“ಅಣ್ಣಾ, ಅಶೋಕ ಇದೆಯಾ?”

“ಎಷ್ಟು ಬೇಕು ಹೇಳಿ ಸಾರ್, ಆಳೆತ್ತರದ್ದೂ ಇದೆ, ಚಿಕ್ಕದೂ ಇದೆ.”

“ಅದಲ್ಲಪ್ಪ, ಸೀತಾ ಅಶೋಕ. ಕೆಂಪು ಹೂವಿನದು.”

“ಓ, ಅದಾ? ಅದನ್ನ ಯಾರೂ ಕೇಳಲ್ಲ ಸಾರ್. ನಿಧಾನಕ್ಕೆ ಬೆಳೆಯುತ್ತೆ. ಕೇಳಿದರೆ ತರಿಸಿ ಕೊಡ್ತೀನಿ.”

ಆ ಕೊನೆಯ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಕೇಳಿದರೆ ತರಿಸಿ ಕೊಡುತ್ತಾರೆ. ಕೇಳುವವರು ಬೇಕು.

ಆದ್ದರಿಂದ, ಔಷಧದ ಗಿಡಗಳನ್ನು ಇಲ್ಲದ ಕಡೆ ನೆಡಿಸಿದ ಆ ದೊರೆಯನ್ನು ನೆನೆದು, ಅಡಿಕೆ ತೋಟವಿರುವ ಮಲೆನಾಡು ಕರಾವಳಿಯ ಬಂಧುಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ತೋಟದ ಅಂಚಿನ ಹಳ್ಳ, ಕೆರೆಯ ದಂಡೆ, ಬಸಿಗಾಲುವೆಯ ಬದಿ, ಅರೆನೆರಳು, ಬೇಸಿಗೆಯಲ್ಲೂ ಆರದ ತೇವ, ಇವೆಲ್ಲ ಅಶೋಕ ಕೇಳುವಂಥವೇ. ಮಳೆಗಾಲದ ಆರಂಭದಲ್ಲಿ ಕಾಯಿ ಬಲಿತಾಗ ಬೀಜ ತಂದು ಒಣಗಲು ಬಿಡದೆ ಕೂಡಲೇ ತೊಟ್ಟೆಗೆ ಹಾಕಿ, ಗಿಡ ಬಲಿತ ಮೇಲೆ ನೆಲಕ್ಕೆ ಇಳಿಸಿ. ಮೊದಲ ಬೇಸಿಗೆಗಳಲ್ಲಿ ನೀರು ತಪ್ಪಿಸಬೇಡಿ. ಊರಿನವರು ದೇವಸ್ಥಾನದ ಕಲ್ಯಾಣಿಯ ಬದಿಗೆ, ಬಾವಿಕಟ್ಟೆಯ ಹತ್ತಿರಕ್ಕೆ, ಕಟ್ಟಡದ ಮೂಡಣ ನೆರಳಿಗೆ ಒಂದು ನೆಡಬಹುದು. ಶಾಲೆಗಳಲ್ಲಿ ಜೂನ್ ತಿಂಗಳ ಪರಿಸರ ದಿನಕ್ಕೆ ಹೇಗೂ ಗಿಡ ನೆಡುತ್ತಾರೆ, ಒಂದಾದರೂ ಇದಾಗಲಿ. ಕೊಳ್ಳುವ ಮುನ್ನ ಎಲೆ ನೋಡಿ. ಒಂದು ಕಡ್ಡಿಗೆ ಜೊತೆಜೊತೆಯಾಗಿ ಎಲೆಗಳಿದ್ದರೆ ಅಶೋಕ, ಅಂಚು ಅಲೆಯಲೆಯಾದ ಒಂಟಿ ಎಲೆಯಾದರೆ ಕಂಬದ ಮರ. ಔಷಧದ ಅಂಗಡಿಯಲ್ಲಿ ಅಶೋಕಾರಿಷ್ಟ ಕೊಳ್ಳುವವರು ವೈದ್ಯರನ್ನು ಕೇಳಿ ಕೊಳ್ಳಿ, ತೊಗಟೆ ಎಲ್ಲಿಯದು ಎಂದು ಕಂಪನಿಯವರನ್ನು ಕೇಳಿ. ಗೇಟಿನ ಮರವನ್ನು ಯಾರೂ ಕಡಿಯಬೇಡಿ, ಅದು ಅಲ್ಲೇ ಇರಲಿ. ಈ ಮಳೆಗಾಲಕ್ಕೆ ನರ್ಸರಿಗೆ ಹೋದಾಗ ಸೀತಾ ಅಶೋಕ ಬೇಕೆಂದು ಹೆಸರು ಹಿಡಿದು ಕೇಳಿ.